ಗೋಡೆಯಾಚೆಯ ಬಳ್ಳಿ

ಅಕ್ಕ ತನ್ನ ಮದುವೆಗೆ ಹೂವು ಆರಿಸುತ್ತಿದ್ದಳು. "ವಿಮಾನದಲ್ಲಿ ಬಂದಿದ್ದು ಬೇಡ, ಔಷಧಿ ಹೊಡೆದಿದ್ದೂ ಬೇಡ."

"ಹಾಗಾದ್ರೆ ನನ್ನ ಅಂಗಡೀಲಿ ಏನೂ ಇಲ್ಲ ತಾಯಿ" ಎಂದ ಹೂವಿನವನು. "ನಿಮ್ಮ ಪಕ್ಕದ ಮನೆ ಬಳ್ಳಿ ಮೈತುಂಬ ಹೂ ಬಿಟ್ಟಿದೆಯಲ್ಲ, ಅವರನ್ನೇ ಕೇಳಿ."

ಜೊತೆಗಿದ್ದ ಅಮ್ಮನ ಮುಖ ಹರಳೆಣ್ಣೆ ಕುಡಿದಂತಾಯಿತು. ಎಂಟು ವರ್ಷದಿಂದ ಆ ಹೂವು ಗೋಡೆ ದಾಟಿ ನಮ್ಮ ಅಂಗಳದಲ್ಲಿ ಉದುರುತ್ತಿತ್ತು. ಅಮ್ಮ ದಿನವೂ ಅದನ್ನು ಗುಡಿಸಿ, ಬೈಗುಳದ ಸಮೇತ ಆಚೆಗೇ ಎಸೆಯುತ್ತಿದ್ದಳು. ಎರಡು ಮನೆಗಳ ನಡುವೆ ಮಾತು ನಿಂತದ್ದೂ ಅದಕ್ಕೇ.

ಅಕ್ಕ ಪಟ್ಟು ಬಿಡಲಿಲ್ಲ. ಕೊನೆಗೆ ಅಮ್ಮ ಬುಟ್ಟಿ ಹಿಡಿದು ಆ ಬಾಗಿಲು ತಟ್ಟಿದಳು.

"ಮಗಳ ಮದುವೆ. ನಿಮ್ಮ ಹೂವು ಬೇಕಿತ್ತು."

ಪಕ್ಕದ ಮನೆಯಾಕೆ ಬುಟ್ಟಿ ತೆಗೆದುಕೊಂಡರು. "ತುಂಬಿಸಿ ಕೊಡ್ತೀನಿ. ಹೂವನ್ನ ಮದುವೆಗೆ ಕರೆಯೋಕೆ ಬಂದ್ರಿ, ಸರಿ. ನನ್ನನ್ನ ಯಾವಾಗ ಕರೀತೀರಿ?"