ಮೂರನೆಯವನ ತೀರ್ಪು

ಇಬ್ಬರ ಅಭಿಪ್ರಾಯ ಹೊಂದಿರಲಿಲ್ಲ. ‘ನಿಮ್ಮ ಸೂಜಿ ನಿಮಗೇ ಇರಲಿ, ನನಗಿರುವುದು ಒಂದೇ ಮಗು’ ಎಂದು ಲಸಿಕೆಯ ಬಗ್ಗೆ ಯಾರೋ ಹೆಂಗಸು ಫೇಸ್‌ಬುಕ್ಕಿನಲ್ಲಿ ಬರೆದಿದ್ದಳು. ಜನರ ಮಾತಿನ ಹಿಂದಿನ ಭಾವನೆ ಗುರುತಿಸುವ ಬೆಲ್‌ಗ್ರೇಡಿನ ಕಚೇರಿಯಲ್ಲಿ ಒಬ್ಬಳು ಅದಕ್ಕೆ ‘ಸಿಟ್ಟು’ ಎಂದು ಗುರುತು ಹಾಕಿದ್ದಳು. ಇನ್ನೊಬ್ಬ ‘ಭಯ’ ಎಂದು. ಇಬ್ಬರಿಗೆ ಹೊಂದದಿದ್ದರೆ ಮೂರನೆಯವನ ತೀರ್ಪೇ ಕೊನೆ. ಮೂರನೆಯವನು ನೆಬೋಯ್ಷ.

ಲ್ಯಾಪ್‌ಟಾಪಿನಲ್ಲಿ ‘ಭಯ’ ಎಂದು ಒತ್ತಿದ.

ಊರಿನಲ್ಲಿ, ಅಮ್ಮನ ಮನೆಯಲ್ಲಿ ಕೂತೇ ಅವನು ಲಸಿಕೆಯ ಬಗ್ಗೆ ದೇಶದ ಮನಸ್ಸನ್ನು ಅಳೆಯುತ್ತಿದ್ದ. ಮೊದಮೊದಲು ಓದಿ ರೇಗುತ್ತಿದ್ದ, ನಗುತ್ತಿದ್ದ. ಈಗ ಯಾರ ಮಾತಾದರೂ ಓದುವಷ್ಟು ಹೊತ್ತು ಸರಿಯೆನಿಸುತ್ತಿತ್ತು.

ಅಂಗಳದಲ್ಲಿ ಅಮ್ಮ ದೇಸಂಕ ಚಳಿಗಾಲಕ್ಕೆಂದು ಕೆಂಪು ದೊಣ್ಣೆಮೆಣಸಿನಕಾಯಿ ಸುಡುತ್ತಿದ್ದಳು. ಮಗಳು ನೇವೆನಳಿಗೆ ಬೂಟು ತೊಡಿಸಿ ಹೆಂಡತಿ ತಿಯಾನ ಒಳಗೆ ಬಂದಳು.

“ದಡಾರದ ಸೂಜಿ ವ್ಯಾನು ಚರ್ಚಿನ ಹತ್ರ ಬಂದಿದೆ. ಪಕ್ಕದೂರಲ್ಲಿ ಮಕ್ಕಳು ಆಸ್ಪತ್ರೆ ಸೇರಿದಾವೆ. ಕರ್ಕೊಂಡು ಹೋಗ್ಲಾ?”

“ಹೋಗು, ಹೋಗು!” ಕಿಟಕಿಯಾಚೆಯಿಂದ ಅಮ್ಮ ಕೊಂಕು ನುಡಿದಳು. “ಪಕ್ಕದ್ಮನೆ ಮಿಲೋಯೆಯ ಮೊಮ್ಮಗ ಸೂಜಿ ಹಾಕಿಸ್ಕೊಂಡ್ಮೇಲೆ ಬಾಯೇ ಬಿಡ್ಲಿಲ್ಲ.”

“ಆ ಮನೇಲಿ ಯಾರು ತಾನೆ ಬಾಯಿ ಬಿಡ್ತಾರೆ ಅತ್ತೆ? ನಿಮ್ಮ ತೋಳ್ಮೇಲಿನ ಸೂಜಿ ಕಲೆ ಮತ್ತೇನು?”

“ಆಗ ಸರ್ಕಾರನ ನಂಬಬೋದಿತ್ತು ಕಣೆ.”

ಇಬ್ಬರೂ ಅವನತ್ತ ತಿರುಗಿದರು.

“ನೀನು ಹೇಳು,” ಎಂದಳು ತಿಯಾನ. “ನಿನ್ನ ಕೆಲಸ ಇದೇ ತಾನೆ?”

“ಜನ ಏನಂತಾರೆ ಅಂತ ನೋಡೋದು ನನ್ನ ಕೆಲಸ.”

“ನೀನೇನಂತೀಯ?”

“ಅಮ್ಮನಿಗೆ ಭಯ. ನಿನಗೂ ಭಯ.”

“ಡಾಕ್ಟ್ರ ಥರ ನಾಡಿ ಹಿಡೀಬೇಡ. ಅಪ್ಪನ ಥರ ಮಾತಾಡು.”

ಹಾಕಿಸಬೇಕೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದುದು ನಾಲಗೆಗೆ ಬರುವ ಮೊದಲೇ ಅಷ್ಟೂ ದಿನ ಓದಿದ್ದೆಲ್ಲ ಒಳಗೆ ಗುಂಯ್‌ಗುಟ್ಟಿತು.

“ನೋಡೋಣ,” ಎಂದ. ಹೊಗೆ ಬರುತ್ತಿದೆಯೆಂದು ಎದ್ದು ಕಿಟಕಿ ಮುಚ್ಚಿದ.

ತಿಯಾನ ಮಗುವಿನ ಕೈಹಿಡಿದು ಗೇಟಿನತ್ತ ನಡೆದಳು. ಅಮ್ಮ ಒಲೆಯನ್ನು ಹಾಗೇ ಬಿಟ್ಟು ಓಡಿಹೋಗಿ, ತಡೆಯಲೆಂದು ಮಗುವಿನ ಇನ್ನೊಂದು ಕೈ ಹಿಡಿದಳು. ಚರ್ಚಿನ ಕಡೆ ವ್ಯಾನು ಹಾರನ್ ಹೊಡೆಯಿತು, ಹೊರಡುವ ಮುಂಚಿನ ಹಾರನ್. ಇಬ್ಬರೂ ತಿರುಗಿ ಕಿಟಕಿಯತ್ತ ನೋಡಿದರು.

ನೆಬೋಯ್ಷ ಬಾಯಿ ತೆರೆದ. ಗಾಜು ಮಂಜಾಯಿತು, ಅಷ್ಟೆ.

ಅಂಗೈಯಿಂದ ಒರೆಸಿದ. ಹೊರಗೆ ನೇವೆನ ಇದು ಆಟವೆಂದುಕೊಂಡು ಎರಡೂ ಕಾಲನ್ನು ನೆಲದಿಂದ ಎತ್ತಿಬಿಟ್ಟಿದ್ದಳು. ಇಬ್ಬರ ನಡುವೆ ತೋಳು ಚಾಚಿ ಜೋತುಬಿದ್ದು, ತಲೆ ಹಿಂದಕ್ಕೆ ವಾಲಿಸಿ, ಸದ್ದಿಲ್ಲದೆ ನಗುತ್ತಿದ್ದಳು.