ಅಕ್ಕನ ಪರದೆಯ ಮೇಲಿನ ಜನ

"ಫೋಲ್ಡರ್ ಗೀಲ್ಡರ್ ಬೇಡ ನನಗೆ. ನನ್ನ ಜನ ಎಲ್ಲಿ ಹೋದ್ರು, ಅದನ್ನ ಹೇಳು," ಅಂದಳು ಅಕ್ಕ.

ತಮ್ಮ ಇನ್ನೂ ಹೆಗಲಿನ ಚೀಲವನ್ನೇ ಇಳಿಸಿರಲಿಲ್ಲ. ಆಫೀಸಿನ ದಾರಿಯಲ್ಲಿದ್ದಾಗ ಅವಳ ಫೋನು ಬಂದಿತ್ತು. ಬಸ್ಸಿಳಿದು, ರಸ್ತೆ ದಾಟಿ, ಎದುರು ದಿಕ್ಕಿನ ಬಸ್ಸು ಹಿಡಿದು ಅವಳ ಚಿಕಿತ್ಸಾಲಯಕ್ಕೆ ಬಂದಿದ್ದ. ಸುಳ್ಳೇಕೆ ಹೇಳಬೇಕು, ಬರುವಾಗ ಅವನಿಗಿದ್ದದ್ದು ಅಕ್ಕ ಬೆನ್ನು ತಟ್ಟಲು ಕರೆದಿದ್ದಾಳೆ ಎಂಬ ಎಣಿಕೆ. ನಲವತ್ತೊಂದು ವರ್ಷವಾದರೂ ಅಕ್ಕ ಬೆನ್ನು ತಟ್ಟುತ್ತಾಳೆ ಅಂದರೆ ಅವನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದು ಅಕ್ಕನ ಕೆಲಸ. ಅವಳ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ತುಟಿ ಹೇಗೆ ಮಡಚಿಕೊಳ್ಳುತ್ತದೆ ಎಂದು ಬಂದವರು ನೋಡಿಕೊಳ್ಳಲು ಗೋಡೆಗೊಂದು ಕನ್ನಡಿ. ಮೇಜಿನ ಮೇಲೆ ಆರು ವರ್ಷ ಹಳೆಯ ಮ್ಯಾಕ್ ಲ್ಯಾಪ್‌ಟಾಪು. ಅದರ ಪರದೆ ಈಗ ತೊಳೆದಿಟ್ಟ ತಟ್ಟೆಯಂತೆ ಖಾಲಿ. ಭಾನುವಾರ ಅದನ್ನು ಹಾಗೆ ಖಾಲಿ ಮಾಡಿದವನು ತಮ್ಮನೇ.

ಮ್ಯಾಕ್ ವಿಚಾರದಲ್ಲಿ ತಮ್ಮನಿಗೆ ಇಲ್ಲದ ಅಭಿಪ್ರಾಯವೇ ಇರಲಿಲ್ಲ. ಮೌಸ್ ಮುಟ್ಟದೆ ಬರೀ ಕೀಗಳಲ್ಲೇ ಎಲ್ಲವನ್ನೂ ಮಾಡುತ್ತಾನೆಂದು ಆಫೀಸಿನಲ್ಲಿ ಅವನಿಗೆ ಕೀಲಿಮಣೆ ಎಂದೇ ಹೆಸರು. ಅದೇ ಹೆಸರಿನಲ್ಲಿ ಒಂದು ಬ್ಲಾಗು. ಪ್ರತಿ ಸೋಮವಾರ ಒಂದು ಬರಹ, ನಾಲ್ಕು ಸಾವಿರ ಓದುಗರು. ಎರಡು ಕೀ ಒತ್ತಿದರೆ ಬೇಕಾದದ್ದು ಎದುರಿಗೆ ಬಂದು ನಿಲ್ಲುವಾಗ ಫೈಲನ್ನು ಕಣ್ಣಲ್ಲಿ ಹುಡುಕುವುದು ಯಾಕೆ ಎಂದು ಬರೆಯುತ್ತಿದ್ದ. ಕಾಪಿ ಮಾಡಿದ್ದನ್ನೆಲ್ಲ ನೆನಪಿಟ್ಟುಕೊಳ್ಳುವ ಸಾಫ್ಟ್‌ವೇರ್ ಇಲ್ಲದ ಮ್ಯಾಕು ಮರೆವಿನ ರೋಗಿ ಎನ್ನುತ್ತಿದ್ದ. ಮೌಸ್ ಹಿಡಿದವನು ಊರುಗೋಲು ಹಿಡಿದವನು ಎಂಬ ಅವನ ಒಂದು ಸಾಲಂತೂ ಓದುಗರ ಬಾಯಲ್ಲಿ ಓಡಾಡಿತ್ತು. ಮಾಡಬೇಕಾದ ಕೆಲಸಗಳ ಪಟ್ಟಿ ಇಡುವ ಸಾಫ್ಟ್‌ವೇರನ್ನು ಅವನು ಹನ್ನೊಂದು ಸಲ ಬದಲಿಸಿದ್ದ. ಪಟ್ಟಿಯಲ್ಲಿದ್ದ ಕೆಲಸಗಳು ಮಾತ್ರ ಒಂದರಿಂದ ಇನ್ನೊಂದಕ್ಕೆ ಮನೆ ಬದಲಿಸುತ್ತ ಹಾಗೇ ಉಳಿದಿದ್ದವು ಎಂದು ಅವನ ಹೆಂಡತಿ ಹೇಳುತ್ತಿದ್ದಳು.

ಭಾನುವಾರ ಅಕ್ಕ ಕೇಳಿದ್ದು ಒಂದೇ ಒಂದು: ರೆಕಾರ್ಡಿಂಗಿನ ಶಬ್ದ ಸಣ್ಣದಾಗಿ ಕೇಳುತ್ತಿದೆ, ನೋಡು. ಅಷ್ಟರಲ್ಲಿ ಯಾರೋ ರೋಗಿಯ ಮನೆಯವರ ಫೋನು ಬಂದು ಅವಳು ಒಳಗೆ ಹೋದಳು. ಬರುವುದಕ್ಕೆ ನಲವತ್ತು ನಿಮಿಷವಾಯಿತು. ಶಬ್ದ ಸರಿಮಾಡಲು ತಮ್ಮನಿಗೆ ಬೇಕಾದದ್ದು ಒಂದು ನಿಮಿಷ. ಉಳಿದ ಮೂವತ್ತೊಂಬತ್ತು ನಿಮಿಷ ಅವನು ಕೇಳದ ಕೆಲಸ ಮಾಡಿದ್ದ. ಪರದೆಯ ಮೇಲೆ ನಲವತ್ಮೂರು ಧ್ವನಿಯ ಫೈಲುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು; ಒಂದರ ಮೇಲೊಂದು ಒರಗಿದವು ಕೆಲವು, ಮೂಲೆ ಹಿಡಿದು ಒಂಟಿಯಾಗಿ ಕುಳಿತವು ಕೆಲವು. ಅವನ ಕೈ ಸುಮ್ಮನಿರಲಿಲ್ಲ. ವರ್ಷಕ್ಕೊಂದು ಫೋಲ್ಡರ್, ತಿಂಗಳಿಗೊಂದು ಒಳಫೋಲ್ಡರ್ ಮಾಡಿ ಎಲ್ಲವನ್ನೂ ತುಂಬಿದ. ಇನ್ನು ಮುಂದೆ ಪರದೆಯ ಮೇಲೆ ಏನೇ ಬಂದರೂ ಹತ್ತು ನಿಮಿಷದಲ್ಲಿ ತಾನಾಗಿ ಎದ್ದು ಫೋಲ್ಡರ್ ಸೇರಬೇಕು ಎಂದು ಒಂದು ಕಟ್ಟಳೆಯನ್ನೂ ಬರೆದಿಟ್ಟ.

"ಒಂದೂ ಹೋಗಿಲ್ಲ ಅಕ್ಕ," ಎಂದ ಅವನು ಈಗ, ಚೀಲ ಇಳಿಸುತ್ತಾ. "ನಲವತ್ಮೂರೂ ಒಳಗಿವೆ. ಹೆಸರು ಹೊಡೆದರೆ ಸಾಕು, ಬರುತ್ತೆ."

"ಹೆಸರು ನಾನೇ ಇಟ್ಟಿದ್ದು, ಅದು ಗೊತ್ತು. ಯಾರು ಎಲ್ಲಿ ಕೂತಿದ್ರು, ಅದು ಬೇಕು. ನಿನ್ನೆ ಏಳು ಜನರನ್ನ ಎಳೆದು ತಂದು ಕೂರಿಸ್ದೆ. ಕಾಫಿ ಕುಡ್ಕೊಂಡು ಬರೋದ್ರೊಳಗೆ ಎದ್ದು ಹೋಗಿದ್ರು."

ತಮ್ಮನಿಗೆ ನಗು ಬಂತು. ಅಕ್ಕನ ಮುಖ ನೋಡಿ ನುಂಗಿಕೊಂಡ.

ಆಮೇಲೆ ಅವಳು ಕುಳಿತುಕೊಂಡು, ಮಾತು ಬಾರದವರಿಗೆ ಹೇಳಿಕೊಡುವಾಗಿನ ಅದೇ ನಿಧಾನದಲ್ಲಿ, ಅವನಿಗೆ ತನ್ನ ಪರದೆಯನ್ನು ಓದುವುದು ಹೇಗೆಂದು ಹೇಳಿಕೊಟ್ಟಳು. ಒಂದೊಂದು ಫೈಲೂ ಒಬ್ಬೊಬ್ಬ ರೋಗಿ. ಎಡಗಡೆಯ ಅಂಚಿನಲ್ಲಿದ್ದವರಿಗೆ ಇನ್ನೂ ದನಿಯೇ ಹೊರಟಿಲ್ಲ. ನಡುವೆ ಇದ್ದವರಿಗೆ ಬಿಡಿ ಮಾತು ಬಂದಿದೆ. ಬಲ ಅಂಚಿಗೆ ಹೋದವರು ವಾಕ್ಯ ಆಡುತ್ತಾರೆ, ಅವರನ್ನು ಮನೆಗೆ ಕಳಿಸಬಹುದು. ಮೇಲಿನ ಸಾಲಿನವರಿಗೆ ಮನೆಯಲ್ಲಿ ಮಾತಾಡಿಸುವ ಜನ ಇದ್ದಾರೆ. ಕೆಳಗಿದ್ದವರಿಗೆ ಯಾರೂ ಇಲ್ಲ, ಅವರಿಗೆ ವಾರಕ್ಕೆ ಒಂದು ದಿನ ಹೆಚ್ಚು. ಒಂದಕ್ಕೊಂದು ಒರಗಿಸಿಟ್ಟವರು ಜೊತೆಯಲ್ಲಿ ಕುಳಿತರೆ ಚೆನ್ನಾಗಿ ಕಲಿಯುತ್ತಾರೆ. ಪ್ರತಿ ಪಾಠ ಮುಗಿದ ಮೇಲೆ ಅವಳು ಆ ಫೈಲನ್ನು ಬಲಕ್ಕೆ ಕೂದಲೆಳೆಯಷ್ಟೋ ಬೆರಳಗಲವೋ ಸರಿಸುತ್ತಿದ್ದಳು. ಎಷ್ಟೋ ಜನ ಪಾಠಕ್ಕೆ ಬಂದ ಕೂಡಲೇ ಮೊದಲು ನೋಡುತ್ತಿದ್ದದ್ದೇ ತಾವು ಎಲ್ಲಿದ್ದೇವೆ ಎಂದು.

"ಇದನ್ನ ಎಲ್ಲಾದ್ರೂ ಬರೆದಿಟ್ಟಿದೀಯಾ?" ಎಂದು ಕೇಳಿದ ತಮ್ಮ. ಅವನ ದನಿ ಇಳಿದಿತ್ತು.

"ಅದೇ ಬರೆದಿಟ್ಟಿದ್ದು ಕಣೋ."

ಇಂದು ಮಧ್ಯಾಹ್ನ ಹನ್ನೆರಡಕ್ಕೆ ದೊಡ್ಡ ಡಾಕ್ಟರ ಮುಂದೆ ಅವಳು ಕೂರಬೇಕಿತ್ತು. ಮುಂದಿನ ಆರು ತಿಂಗಳಿಗೆ ಮೂವತ್ತು ಜನರಿಗೆ ಮಾತ್ರ ಜಾಗ. ನಲವತ್ಮೂರರಲ್ಲಿ ಯಾವ ಹದಿಮೂರು ಜನರನ್ನು ಬಿಡಬಹುದು ಎಂದು ಅವಳು ಹೇಳಬೇಕು. ನೆನಪಿನಿಂದ ಹೇಳಿ ಒಬ್ಬರದು ತಪ್ಪಿದರೂ, ಇನ್ನೇನು ಬಾಯಿ ತೆರೆಯಲಿದ್ದ ಯಾರೋ ಒಬ್ಬರು ಹಾಗೇ ಮುಚ್ಚಿಕೊಂಡು ಮನೆಗೆ ಹೋಗುತ್ತಾರೆ. ಗೋಡೆಯ ಗಡಿಯಾರ ಒಂಬತ್ತು ಮುಕ್ಕಾಲು ತೋರಿಸುತ್ತಿತ್ತು.

ಬ್ಯಾಕಪ್ ಇರುತ್ತದಲ್ಲ ಎಂದಳು ಅಕ್ಕ. ನೀನೇ ಹಾಕಿಕೊಟ್ಟಿದ್ದೆಯಲ್ಲ ಎಂದಳು. ಮ್ಯಾಕಿನಲ್ಲೇ ಇದ್ದ ಬ್ಯಾಕಪ್ಪು ಅವನ ಅಭಿಪ್ರಾಯದಲ್ಲಿ ಬೊಜ್ಜು ಬೆಳೆಸಿಕೊಂಡದ್ದು. ಎರಡು ತಿಂಗಳ ಹಿಂದೆ ಅದನ್ನು ನಿಲ್ಲಿಸಿ, ಹಳೆಯ ಪ್ರತಿಗಳನ್ನೆಲ್ಲ ಅಳಿಸಿ, ತಾನೇ ಬರೆದ ಚುರುಕಾದ ಒಂದನ್ನು ಕೂರಿಸಿದ್ದ. ಹೆಸರು ಚುಕ್ಕೆಯಿಂದ ಶುರುವಾಗುವ ಗುಪ್ತ ಫೈಲುಗಳೆಲ್ಲ ಕಸವೆಂದು ಅದು ಬಿಟ್ಟುಬಿಡುತ್ತಿತ್ತು. ಯಾವ ಫೈಲು ಪರದೆಯ ಯಾವ ಜಾಗದಲ್ಲಿ ಕೂತಿದೆ ಎಂದು ಮ್ಯಾಕು ಬರೆದಿಟ್ಟುಕೊಳ್ಳುವುದು ಅಂಥ ಒಂದು ಫೈಲಿನಲ್ಲೇ. ಆ ಲೆಕ್ಕ ಬ್ಯಾಕಪ್ಪಿನಲ್ಲಿಲ್ಲ ಎಂದು ತಿಳಿಯಲು ತೆರೆದು ನೋಡುವ ಅಗತ್ಯವೂ ಅವನಿಗಿರಲಿಲ್ಲ. ಬೇರೆ ಯಾರೂ ಮಾಡಲಾರದ ತಪ್ಪು. ಇಷ್ಟು ತಿಳಿದವನು ಮಾತ್ರ ಮಾಡಬಲ್ಲದ್ದು.

ಆದರೆ ಆ ಪರದೆಯ ಒಂದು ಚಿತ್ರ ಇತ್ತು. ಎಲ್ಲಿದೆ ಎಂದೂ ಅವನಿಗೆ ಗೊತ್ತಿತ್ತು.

ಭಾನುವಾರ ಗುಡಿಸುವ ಮೊದಲು ಅವನು ಪರದೆಯ ಚಿತ್ರ ತೆಗೆದುಕೊಂಡಿದ್ದ, ಬ್ಲಾಗಿಗೆ. ಮುಂಚೆ ಹೀಗಿತ್ತು, ಈಗ ಹೀಗಿದೆ. ಸೋಮವಾರ ಬೆಳಿಗ್ಗೆಯೇ ಅದು ನಾಲ್ಕು ಸಾವಿರ ಜನರಿಗೆ ಹೋಗಿತ್ತು. ತಲೆಬರಹ: ಇದು ಡೆಸ್ಕ್‌ಟಾಪೋ, ಬಾಡಿಗೆ ಮನೆ ಖಾಲಿ ಮಾಡುವ ದಿನವೋ? ರೋಗಿಗಳ ನಿಜ ಹೆಸರು ಹೊರಗೆ ಹೋಗಬಾರದೆಂದು ಅಕ್ಕ ಫೈಲುಗಳಿಗೆ ತಾನೇ ಇಟ್ಟ ಅಡ್ಡಹೆಸರುಗಳಿದ್ದವಲ್ಲ, ಛತ್ರಿ ಮರೆಯುವವರು, ಎರಡು ಸಲ ಹೂಂ, ಕೆಮ್ಮು ಮೇಷ್ಟ್ರು, ಬಟನ್ ಸಾಹೇಬ್ರು, ಅವುಗಳ ಸುತ್ತ ಕೆಂಪು ಗೆರೆ ಎಳೆದು, ಬಾಣ ಹಾಕಿ, ಪಕ್ಕದಲ್ಲಿ ಒಂದೊಂದು ತಮಾಷೆ ಬರೆದಿದ್ದ. ಇವು ಏನಿರಬಹುದು ಊಹಿಸಿ ಎಂದು ಓದುಗರನ್ನು ಕೇಳಿದ್ದ. ಇನ್ನೂರ ಅರವತ್ತು ಜನ ಊಹಿಸಿದ್ದರು. ಗೆರೆ ಬೀಳದ ಮೂಲ ಚಿತ್ರ ಉಳಿದಿರಲಿಲ್ಲ. ಬರಹ ಹೋದ ಕೂಡಲೇ ಚಿತ್ರ ಅಳಿಸಿಹೋಗಬೇಕು ಎಂಬುದು ಅವನ ಮ್ಯಾಕಿನ ಇನ್ನೊಂದು ಕಟ್ಟಳೆ.

ಅಕ್ಕ ಅವನ ಬ್ಲಾಗು ಓದುವವಳಲ್ಲ. ಹೇಳದಿದ್ದರೆ ತಿಳಿಯುವುದೂ ಇಲ್ಲ. ಅವನ ಬಾಯಿಂದ ಬಂದ ಮಾತು ಇದು: "ಒಂದು ಸಾಫ್ಟ್‌ವೇರ್ ಇದೆ. ವಾಪಸ್ ತರಬಹುದು ಅನ್ಸುತ್ತೆ. ಅರ್ಧ ಗಂಟೆ ಕೊಡು."

ಅಕ್ಕ ಅವನ ಕಡೆ ನೋಡಿದ ನೋಟದಲ್ಲಿ ಎಷ್ಟು ನಂಬಿಕೆ ಇತ್ತೆಂದರೆ ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಫೋನು ಹಿಡಿದು ಹೊರಗಿನ ಪಡಸಾಲೆಯ ಬೆಂಚಿಗೆ ಬಂದ. ಚಿತ್ರದಿಂದ ಕೆಂಪು ಗೆರೆಗಳನ್ನು ಅಳಿಸಿ, ಏನೋ ಕಷ್ಟಪಟ್ಟು ಹುಡುಕಿ ತಂದವನಂತೆ ಒಳಗೆ ಹೋಗುವುದು ಅವನ ಲೆಕ್ಕ. ಒಂದು ಕಡೆ ಗೆರೆ ಅಳಿಸಿದರೆ ಕೆಳಗಿನ ಹೆಸರೂ ಅಳಿಸಿಹೋಗುತ್ತಿತ್ತು. ಇನ್ನೊಂದು ಕಡೆ ಅವನ ತಮಾಷೆ ಎರಡು ಫೈಲುಗಳ ಮೇಲೇ ಕೂತಿತ್ತು.

ಪಕ್ಕದಲ್ಲಿ ಯಾರೋ ಬಂದು ಕುಳಿತರು. ಹತ್ತು ಗಂಟೆಯ ಪಾಠಕ್ಕೆ ಬಂದಿದ್ದ ದರ್ಜಿ. ವಯಸ್ಸಾದವರು, ಇಸ್ತ್ರಿ ಮಾಡಿದ ಅಂಗಿ, ಬಲಗೈ ಮಡಿಲಲ್ಲಿ ಸುಮ್ಮನೆ ಮಲಗಿತ್ತು, ಎಡಗೈಯಲ್ಲಿ ಕೋಲು. ಅವರು ಬಗ್ಗಿ ಫೋನು ನೋಡಿದರು. ಮುಖ ಅರಳಿತು. ಕೋಲನ್ನು ಬೆಂಚಿಗೆ ಒರಗಿಸಿ, ಎಡಗೈ ಬೆರಳನ್ನು ಪರದೆಯ ನಡುವಿನಿಂದ ಸ್ವಲ್ಪ ಬಲಕ್ಕೆ, ಕೆಳಗಿನ ಸಾಲಿನ ಒಂದು ಫೈಲಿನ ಮೇಲಿಟ್ಟು, ಆಮೇಲೆ ಅದೇ ಬೆರಳಿಂದ ತಮ್ಮದೇ ಎದೆ ಮುಟ್ಟಿಕೊಂಡರು.

"ಬಟನ್," ಎಂದರು.

ಮಾತು ಕಳೆದುಹೋದ ಮೇಲೆ ಅವರಿಗೆ ಮೊದಲು ಮರಳಿ ಬಂದ ಪದ ಅದಂತೆ. ಅದು ತಮ್ಮನಿಗೆ ತಿಳಿದದ್ದು ಆಮೇಲೆ. ಈಗ ತಿಳಿದದ್ದು ಬಟನ್ ಸಾಹೇಬ್ರು ಅಂದರೆ ಒಬ್ಬ ಮನುಷ್ಯ, ತನ್ನ ಭುಜಕ್ಕೆ ಭುಜ ತಾಗಿಸಿ ಕುಳಿತಿದ್ದಾರೆ ಎಂದಷ್ಟೇ. ಅವನು ಫೋನು ಮುಚ್ಚುವುದರೊಳಗೆ ಅವರ ಬೆರಳು ಪಕ್ಕದ ಕೆಂಪು ಅಕ್ಷರಗಳ ಮೇಲೆ ಹೋಗಿತ್ತು. ಎಲ್ಲಿ ಅಕ್ಷರ ಕಂಡರೂ ಜೋರಾಗಿ ಓದಬೇಕೆಂದು ಅಕ್ಕ ಅವರಿಗೆ ಹೇಳಿಟ್ಟಿದ್ದಳು. ಅವರು ತುಟಿಯನ್ನು ಜೋಡಿಸಿಕೊಂಡು, ಬೆವರುತ್ತಾ, ಶಾಲೆಯ ಹುಡುಗನ ಶ್ರದ್ಧೆಯಿಂದ ಓದಿದರು.

"ಇ... ದ್ಯಾ... ವ. ಪ್ರಾ... ಣಿ."

ಓದಿ ಮುಗಿಸಿದ ಸಂತೋಷ ಅವರ ಮುಖದಲ್ಲಿ ಒಂದು ಗಳಿಗೆ ಇತ್ತು. ಆಮೇಲೆ ಓದಿದ್ದರ ಅರ್ಥ ಬಂತು. ಅವರು ತಮ್ಮನ ಮುಖ ನೋಡಿದರು, ಮತ್ತೆ ಚಿತ್ರ ನೋಡಿದರು. ಎರಡು ಅಕ್ಷರ ಒತ್ತಿದರೆ ಇಡೀ ಕ್ಷಮಾಪಣೆಯ ಪತ್ರವೇ ಮೂಡುವ ಹಾಗೆ ಮ್ಯಾಕಿನಲ್ಲಿ ಮಾಡಿಟ್ಟುಕೊಂಡಿದ್ದ ತಮ್ಮ, ಬಾಯಿ ತೆರೆದು ಮುಚ್ಚಿದ. ಎದ್ದು ಒಳಗೆ ಹೋಗಿ ಫೋನನ್ನು ಹಾಗೇ ಅಕ್ಕನ ಕೈಯಲ್ಲಿಟ್ಟ.

ಅಕ್ಕ ಕನ್ನಡಕ ಹಾಕಿಕೊಂಡು ತಲೆಬರಹದಿಂದ ಶುರುಮಾಡಿ ಎಲ್ಲವನ್ನೂ ಓದಿದಳು. ಓದುಗರ ಊಹೆಗಳನ್ನೂ ಬಿಡಲಿಲ್ಲ. ಕನ್ನಡಿಯ ಕಡೆ ಮುಖ ಮಾಡಿ ನಿಂತಿದ್ದ ತಮ್ಮ, ಅಲ್ಲಿ ತನ್ನನ್ನೇ ಕಂಡು, ಕಿಟಕಿಯ ಕಡೆ ತಿರುಗಿದ. ಸಾಫ್ಟ್‌ವೇರ್ ಇದೆ ಅಂದದ್ದೂ ಸುಳ್ಳು ಎಂದು ಬೆನ್ನು ತೋರಿಸಿಕೊಂಡೇ ಹೇಳಿದ.

"ಪ್ರಿಂಟ್ ಹಾಕಿಸ್ಕೊಂಡು ಬಾ," ಎಂದಳು ಅಕ್ಕ. "ದೊಡ್ಡದಾಗಿ."

"ಕೆಂಪು ಬರೆದಿದ್ದನ್ನ ಆದಷ್ಟು ಅಳಿಸಿ..."

"ಬೇಡ. ಅಳಿಸೋಕೆ ಹೋಗಿ ಇನ್ನೇನಾದ್ರೂ ಅಳಿಸ್ತೀಯ."

ಸ್ವಾಗತದ ಮೇಜಿನ ಹೆಂಗಸು ಪ್ರಿಂಟ್ ತೆಗೆದುಕೊಡುವಾಗ ಕಾಗದ ನೋಡಿ, ಇದು ನಮ್ಮ ಮೇಡಂ ಕಂಪ್ಯೂಟರಲ್ವಾ ಎಂದಳು. ತಮ್ಮ ಹೌದು ಎಂದ. ಅವಳು ಕೆಂಪು ಸಾಲುಗಳನ್ನು ಓದತೊಡಗಿದಾಗ, ಕಿತ್ತುಕೊಳ್ಳಲು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಅವಳು ಮುಗಿಸುವವರೆಗೂ ನಿಂತಿದ್ದ.

ಪರದೆ ಖಾಲಿ ಮಾಡುವ ಕಟ್ಟಳೆಯನ್ನು ತಮ್ಮ ಅಳಿಸಿದ. ಮ್ಯಾಕಿನ ಹಳೆಯ ಬ್ಯಾಕಪ್ಪಿಗೆ ಮತ್ತೆ ಜೀವ ಕೊಟ್ಟ. ಆಮೇಲೆ ಅಕ್ಕ ಮೌಸನ್ನು ಅವನ ಕೈಗೆ ದೂಡಿದಳು. ಅವಳು ಕಾಗದ ನೋಡಿ ಹೇಳುತ್ತಾ ಹೋದಳು, ಅವನು ಒಬ್ಬೊಬ್ಬರನ್ನೇ ಫೋಲ್ಡರಿನಿಂದ ಎಳೆದು ತಂದು ಕೂರಿಸುತ್ತಾ ಹೋದ. ಇದಕ್ಕೆ ಯಾವ ಕೀಯೂ ಇರಲಿಲ್ಲ. ಛತ್ರಿ ಮರೆಯುವವರು ಇನ್ನೂ ಮೇಲಕ್ಕೆ, ಮಗಳು ಬಂದಿದ್ದಾಳೆ. ಎರಡು ಸಲ ಹೂಂ ಎಡಕ್ಕೆ, ಅಂಚಿಗೆ ತಾಗಿಸಬೇಡ, ಅವರು ಹೂಂ ಅಂತಾರೆ. ಕೈ ಅಭ್ಯಾಸವಿಲ್ಲದೆ ಜಾರಿ ಒಬ್ಬರು ಇನ್ನೊಬ್ಬರ ಮೇಲೆ ಬಿದ್ದರೆ, ಅವನು ಎತ್ತಿ ಸರಿಮಾಡುವವರೆಗೆ ಅಕ್ಕ ಕಾಯುತ್ತಿದ್ದಳು. ದರ್ಜಿ ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದರು; ತಮ್ಮದೇ ಪಾಠದ ಹೊತ್ತು ಹೋಗುತ್ತಿರುವುದಕ್ಕೆ ಅವರು ತಕರಾರು ಮಾಡಲಿಲ್ಲ. ತಮಾಷೆಯ ಅಡಿಯಲ್ಲಿ ಮುಚ್ಚಿಹೋಗಿದ್ದ ಇಬ್ಬರು ಯಾವ ಕಡೆ ಇದ್ದರೆಂದು ಅಕ್ಕನಿಗೂ ಖಾತ್ರಿಯಾಗಲಿಲ್ಲ. ಅವರ ದನಿಯನ್ನು ಹಾಕಿ, ಕಣ್ಣು ಮುಚ್ಚಿ ಎರಡೆರಡು ಸಲ ಕೇಳಿದಳು. ಒಂದರಲ್ಲಿ ಉಸಿರಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ತಮ್ಮನೂ ಕೇಳಿದ, ಅವನು ಈ ಫೈಲುಗಳನ್ನು ತೆರೆದು ಕೇಳಿದ್ದು ಇದೇ ಮೊದಲು.

ಬಟನ್ ಸಾಹೇಬ್ರ ಸರದಿ ಬಂದಾಗ ಅವನು ತಲೆ ಎತ್ತದೆ ಎಳೆದ.

"ನಗು ಬಂತಾ ಪುಟ್ಟು, ಬರೀವಾಗ?" ಎಂದು ಕೇಳಿದಳು ಅಕ್ಕ. ಬೈಯುವ ದನಿಯಲ್ಲ.

"ಬಂತು."

"ಹೂಂ."

ಆ ಬರಹವನ್ನು ಈಗಲೇ ತೆಗೆದುಹಾಕುತ್ತೇನೆ ಎಂದ ತಮ್ಮ.

"ತೆಗಿ. ಆದ್ರೆ ಓದಿದವರು ಓದಿಲ್ಲ ಅಂತ ಆಗಲ್ಲ, ಅಲ್ವಾ?" ಎಂದಳು ಅಕ್ಕ. "ಇವರನ್ನ ಇನ್ನೊಂಚೂರು ಬಲಕ್ಕಿಡು. ಇವತ್ತು ಎರಡು ಪದ ಓದಿದ್ರು."

ಅವಳಿಗೆ ಅದು ಹೇಗೆ ತಿಳಿಯಿತೆಂದು ಅವನು ಕೇಳಲಿಲ್ಲ. ಪಡಸಾಲೆಯಿಂದ ಕೋಣೆಗೆ ಬಾಗಿಲು ತೆರೆದೇ ಇತ್ತು.

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ದೊಡ್ಡ ಡಾಕ್ಟರ ಕರೆ ಬಂತು. ಅಕ್ಕ ಲ್ಯಾಪ್‌ಟಾಪನ್ನು ಮುಚ್ಚಲಿಲ್ಲ. ತೆರೆದ ಪರದೆಯ ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡು, ತುಂಬಿದ ಪಾತ್ರೆ ಹೊತ್ತವಳ ಹಾಗೆ ಅಲುಗಾಡಿಸದೆ ಹೆಜ್ಜೆ ಇಟ್ಟಳು. ಬಾಗಿಲು ಅರ್ಧ ಮುಚ್ಚಿಕೊಳ್ಳುತ್ತಿತ್ತು. ಮೇಜನ್ನು ಸುತ್ತಿಕೊಂಡು ತಮ್ಮ ಓಡುವಷ್ಟರಲ್ಲಿ ದರ್ಜಿ ಕುಳಿತಲ್ಲಿಂದಲೇ ಕೋಲು ಚಾಚಿ, ಬಾಗಿಲನ್ನು ಗೋಡೆಗೆ ಒತ್ತಿ ಹಿಡಿದಿದ್ದರು.