ಭಾಷೆ ಎನ್ನುವ ಕಾಲಂ

ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ನಾನು ಕೂತು ಆರು ವರ್ಷವಾಯಿತು. ರೋಗಿಯ ಹೆಸರು, ವಯಸ್ಸು, ಫೋನ್ ನಂಬರ್ ಆದಮೇಲೆ ಕಂಪ್ಯೂಟರ್ ‘ಭಾಷೆ’ ಕೇಳುತ್ತದೆ. ಆ ಕಾಲಮಿನಲ್ಲಿ ಇಂಗ್ಲಿಷ್ ಮೊದಲೇ ಕೂತಿರುತ್ತದೆ. ಬದಲಿಸದಿದ್ದರೆ ಸಂದೇಶಗಳೆಲ್ಲ ಅದರಲ್ಲೇ ಹೋಗುತ್ತವೆ. ಬಂದವರನ್ನೆಲ್ಲ ನಾನು ತಪ್ಪದೆ ಕೇಳುತ್ತೇನೆ. ಅಪ್ಪನನ್ನು ಕೇಳಲಿಲ್ಲ.

ಕೇಳುವುದೇನಿತ್ತು? ಬಡಗಿ ಕೆಲಸ ಮಾಡಿ ನನ್ನನ್ನು ಓದಿಸಿದವರು. ನಮ್ಮ ಭಾಷೆ ಬಿಟ್ಟು ಬೇರೆ ಅಕ್ಷರ ಬಾರದೆಂದು ನನಗೆ ಗೊತ್ತಿಲ್ಲವೇ? ಆದರೆ ಪಕ್ಕದ ಕುರ್ಚಿಯಲ್ಲಿ ಪಟಾಕಿ ಇದ್ದಳು. ಬಾಯಿ ತೆರೆದರೆ ನಿಲ್ಲಿಸದ ಸಹೋದ್ಯೋಗಿಗೆ ನಾನಿಟ್ಟ ಹೆಸರು ಅದು. ‘ನಮ್ಮಪ್ಪ ಇಂಗ್ಲಿಷ್ ಪೇಪರ್ ಬಿಟ್ಟು ಬೇರೆ ಮುಟ್ಟಲ್ಲ’ ಎಂದು ಅವಳ ಮುಂದೆ ಬುರುಡೆ ಬಿಟ್ಟವಳೂ ನಾನೇ. ಅವಳ ಕಣ್ಣು ನನ್ನ ಪರದೆಯ ಮೇಲಿತ್ತು. ಬದಲಿಸದೆ ಮುಂದಕ್ಕೊತ್ತಿದೆ. ಪರೀಕ್ಷೆಯ ಹಿಂದಿನ ದಿನ, ಅಪ್ಪ ಇರುವ ಅಣ್ಣನ ಮನೆಗೆ ಫೋನ್ ಮಾಡಿ ಹೇಳಿದರಾಯಿತು ಎಂದುಕೊಂಡೆ. ಮರೆತೆ.

ಎರಡು ತಿಂಗಳಲ್ಲಿ ಅಪ್ಪ ಅರ್ಧ ಆಗಿದ್ದರು. ಹೊಟ್ಟೆಯೊಳಗೆ ಕೊಳವೆ ಬಿಟ್ಟು ನೋಡುವ ಪರೀಕ್ಷೆ. ಬೆಳಿಗ್ಗೆ ನೀರೂ ಕುಡಿಯಬಾರದು. ಶಕ್ತಿ ಇರಲಿ ಎಂದು ಅತ್ತಿಗೆ ಬಲವಂತ ಮಾಡಿ ತಿಂಡಿ ತಿನ್ನಿಸಿ ಕಳಿಸಿದ್ದರಂತೆ. ಪರೀಕ್ಷೆ ಮಾಡದೆ ವಾಪಸ್ ಕಳಿಸಿದರು. ಮತ್ತೆ ಸಿಕ್ಕಿದ್ದು ಮೂರು ವಾರದ ನಂತರದ ದಿನ.

“ಮೆಸೇಜ್ ಬಂದಿತ್ತಲ್ವಾ ಅಂಕಲ್? ಓದ್ಲಿಲ್ವಾ?” ಪಟಾಕಿ ಕೇಳಿದಳು.

ಅಪ್ಪ ನನ್ನ ಮುಖ ನೋಡಿದರು. ನಾನು ಸ್ಟೇಪ್ಲರಿಗೆ ಪಿನ್ನು ತುಂಬತೊಡಗಿದೆ.

“ಓದ್ದೆ ಕಣಮ್ಮ. ಹಸಿವು ತಡೀಲಿಲ್ಲ. ಹೊಟ್ಟೆಬಾಕ ನಾನು,” ಎಂದು ನಕ್ಕರು.

ಎರಡು ತುತ್ತಿಗೇ ಸಾಕೆನ್ನುವ ಮನುಷ್ಯ! ನೆಲ ಬಾಯಿಬಿಡಬಾರದೇ ಎನಿಸಿತು. ಆದರೂ ನಿಜ ಹೇಳಲಿಲ್ಲ. ಅವಳು ಕಾಫಿಗೆ ಎದ್ದು ಹೋಗುವವರೆಗೆ ಕಾದು, ಬಾಗಿಲ ಕಡೆ ನೋಡುತ್ತಲೇ ಅಪ್ಪನ ವಿವರ ತೆರೆದು, ಭಾಷೆ ಬದಲಿಸಿ, ಹೊಸ ದಿನ ಹಾಕಿದೆ. ಇಷ್ಟು ಮಾಡಲೂ ಅವಳು ಆಚೆ ಹೋಗಬೇಕಾಯಿತು, ಥೂ.

ಎದುರಿನ ಬೆಂಚಿನಲ್ಲಿ ಅಪ್ಪನ ಫೋನು ಸದ್ದು ಮಾಡಿತು. ಕನ್ನಡಕ ಏರಿಸಿಕೊಂಡು ದೊಡ್ಡ ದನಿಯಲ್ಲಿ ಓದಿದರು: “ಪರೀಕ್ಷೆಯ ದಿನ ಬೆಳಿಗ್ಗೆ ಏನನ್ನೂ ಸೇವಿಸಬಾರದು…” ಅವರ ಮುಖ ಅರಳಿತು. “ನೋಡೇ, ನಮ್ಮ ಭಾಷೇಲೇ ಬಂದಿದೆ!”

ಅಷ್ಟರಲ್ಲಿ ಪಟಾಕಿ ಲೋಟ ಹಿಡಿದು ಒಳಬಂದಳು. ಅಪ್ಪ ತಟ್ಟನೆ ಮಾತು ನುಂಗಿದರು. ಫೋನನ್ನು ಜೇಬಿಗಿಳಿಸಿ, ಹೇಳಲ್ಲ ಬಿಡು ಎನ್ನುವಂತೆ ನನಗೆ ಕೈಸನ್ನೆ ಮಾಡಿದರು.